386 ಹೋದರೂ ಹೋಗದ ತಪಾಸಣೆ

ನಮ್ಮ ಪ್ರೋಗ್ರಾಂ, ಆಪರೇಟಿಂಗ್ ಸಿಸ್ಟಂನ ತಿರುಳಾದ ಲಿನಕ್ಸ್ ಕರ್ನಲ್‌ಗೆ ಒಂದು ವಿಳಾಸ ಕೊಟ್ಟು, ಫೈಲಿನಲ್ಲಿ ಇರೋದನ್ನು ಇಲ್ಲಿ ತಂದು ಹಾಕು ಅನ್ನುತ್ತದೆ. ಆ ವಿಳಾಸ ಕರ್ನಲ್‌ನ ಸ್ವಂತ ಮೆಮೊರಿಯದ್ದಾಗಿದ್ದರೆ? ನೋಡದೆ ಬರೆದರೆ ಕಥೆ ಮುಗೀತು. ಇದನ್ನು ತಡೆಯುವ ತಪಾಸಣೆಯೇ 'ಆಕ್ಸೆಸ್_ಓಕೆ'.

1991ರಲ್ಲಿ ಲಿನಕ್ಸ್ ಹುಟ್ಟಿದ್ದು ಇಂಟೆಲ್ 386 ಚಿಪ್ ಮೇಲೆ. ಆ ಚಿಪ್‌ಗೆ ಒಂದು ಕೊರತೆಯಿತ್ತು. ಓದಲು ಮಾತ್ರ ಎಂದು ಗುರುತು ಹಾಕಿದ ಮೆಮೊರಿ ಪುಟಕ್ಕೂ ಕರ್ನಲ್ ಬರೆಯಹೊರಟರೆ ಅದು ತಡೆಯುತ್ತಿರಲಿಲ್ಲ. ಹಾಗಾಗಿ ಓದೋದಕ್ಕೋ ಬರೆಯೋದಕ್ಕೋ ಎಂದು ತಪಾಸಣೆಗೆ ಮೊದಲೇ ಹೇಳಬೇಕಿತ್ತು. 486ರಲ್ಲಿ ಕೊರತೆ ನೀಗಿತು. 2012ರ ಕೊನೆಗೆ 386ರ ಬೆಂಬಲವನ್ನೇ ಲಿನಕ್ಸ್ ಕೈಬಿಟ್ಟಿತು. ಆದರೂ ಆ ಓದು-ಬರಹದ ಮಾತು ಪ್ರತಿ ಕರೆಯಲ್ಲೂ ಸುಮ್ನೆ ಕೂತೇ ಇತ್ತು! ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೋರ್ವಾಲ್ಡ್ಸ್ ಅದನ್ನು ಕಿತ್ತದ್ದು 2019ರ ಜನವರಿಯಲ್ಲಿ.

ಇದು ಬರೀ ಕಸ. ನಿಜವಾದ ಅಪಾಯ ಇದ್ದದ್ದು 'ಸೆಟ್_ಎಫ್‌ಎಸ್'ನಲ್ಲಿ. ಹೆಸರು ಬಂದದ್ದು 386 ಚಿಪ್‌ನೊಳಗಿನ ಪುಟ್ಟ ಸಂಗ್ರಹ ಜಾಗವಾದ ಎಫ್‌ಎಸ್ ರಿಜಿಸ್ಟರ್‌ನಿಂದ. ಲಿನಕ್ಸ್ ಆ ರಿಜಿಸ್ಟರ್ ಬಳಸೋದನ್ನು ಬಿಟ್ಟ ಮೇಲೂ ಹೆಸರು ಬದಲಾಗಲಿಲ್ಲ. ಪ್ರೋಗ್ರಾಂಗಳಿಗೆಂದು ಬರೆದ ಕೋಡನ್ನು ಕರ್ನಲ್ ತನ್ನ ಮೆಮೊರಿಗೂ ಬಳಸಬೇಕಾದಾಗ, 'ಸ್ವಲ್ಪ ಹೊತ್ತು ತಪಾಸಣೆ ಬೇಡ' ಎನ್ನುವ ದಾರಿ ಅದು. ಕೆಲಸ ಮುಗಿದ ಮೇಲೆ ಮತ್ತೆ ಹಳೆಯ ಸ್ಥಿತಿಗೆ ತರಬೇಕು. ಮರೆತರೆ?

ಮರೆಯಲೂ ಬೇಕಿರಲಿಲ್ಲ. ತಪಾಸಣೆ ಇಲ್ಲದ ಆ ಗಳಿಗೆಯಲ್ಲಿ ಕರ್ನಲ್ ಎಡವಿದರೂ ಸಾಕು ಎಂದು 2010ರಲ್ಲಿ ನೆಲ್ಸನ್ ಎಲ್‌ಹೇಜ್ ತೋರಿಸಿದರು. ಎಡವಿದ ಪ್ರಕ್ರಿಯೆಯನ್ನು ಮುಗಿಸುವಾಗ ಕರ್ನಲ್, ಪ್ರೋಗ್ರಾಂ ಮೊದಲೇ ಹೇಳಿದ್ದ ವಿಳಾಸಕ್ಕೆ ಸೊನ್ನೆ ಬರೆಯುತ್ತದೆ. ತಪಾಸಣೆ ಇಲ್ಲದಿದ್ದರೆ ಆ ಸೊನ್ನೆ ಕರ್ನಲ್ ಒಳಗೇ ಬೀಳಬಹುದು. ಒಂದು ಸೊನ್ನೆಯಿಂದ ಏನಾಗುತ್ತೆ ಅಂತೀರಾ? ಸರಿಯಾದ ಜಾಗದಲ್ಲಿ ಬಿದ್ದರೆ ಇಡೀ ಯಂತ್ರದ ಯಜಮಾನಿಕೆ ಕೈಗೆ ಬರುತ್ತದೆ.

2017ರದ್ದು ಇನ್ನೂ ಸರಳ ಎಡವಟ್ಟು. 4.13ನೇ ಆವೃತ್ತಿಯಲ್ಲಿ 'ವೇಟ್‌ಐಡಿ' (ಮಗು ಪ್ರಕ್ರಿಯೆ ಮುಗಿಯಲೆಂದು ಕಾಯುವ ಕರೆ) ಕೋಡನ್ನು ಬದಲಿಸುವಾಗ ತಪಾಸಣೆಯ ಸಾಲು ಬಿಟ್ಟುಹೋಗಿತ್ತು. ಪ್ರೋಗ್ರಾಂನ ಮೆಮೊರಿಗೆ ಬಾಗಿಲು ತೆರೆಯುವ ಕರೆ ಬೇರೆ, ತಪಾಸಣೆಯ ಕರೆ ಬೇರೆ ಇದ್ದದ್ದೇ ಇದಕ್ಕೆ ಕಾರಣ. 2019ರಲ್ಲಿ ಎರಡನ್ನೂ ಒಂದೇ ಕರೆಗೆ ಸೇರಿಸಿದರು. ನನಗಂತೂ ಈ ಶುಚಿ ಕೆಲಸದಲ್ಲೆಲ್ಲ ಇದೇ ಜಾಸ್ತಿ ಬೆಲೆಯದ್ದು. ಮರೆಯೋಕೇ ಅವಕಾಶ ಇಲ್ಲ, ಅಲ್ವಾ?

'ಸೆಟ್_ಎಫ್‌ಎಸ್' ಹೋಗಲು ಇನ್ನೂ ಕೆಲವು ವರ್ಷ ಬೇಕಾಯಿತು. ಕ್ರಿಸ್ಟೋಫ್ ಹೆಲ್‌ವಿಗ್ ಅವರ ಶ್ರಮದಿಂದ 2020ರ 5.10ರಲ್ಲಿ ಎಕ್ಸ್86 (386ರ ವಂಶದ ಚಿಪ್‌ಗಳು) ಅದರಿಂದ ಬಿಡಿಸಿಕೊಂಡಿತು. ಉಳಿದ ಚಿಪ್‌ಗಳಿಂದ ಆರ್ನ್ಡ್ ಬರ್ಗ್‌ಮನ್ ಅದನ್ನು ತೆಗೆದದ್ದು 2022ರ 5.18ರಲ್ಲಿ. ಅಲ್ಲಿಯವರೆಗೆ ಚಿಪ್‌ಗೊಂದರಂತೆ ಬೇರೆಬೇರೆಯಾಗಿದ್ದ 'ಆಕ್ಸೆಸ್_ಓಕೆ'ಗಳೂ ಆಗಲೇ ಬಹುಪಾಲು ಒಂದಾದವು.