ಗಾಡಿ ಹಿಂದ ನಿಂತವ್ರು ಪ್ರತಿ ಸಲ ಹೊರಗೇ ಉಳಿದ್ರು

ಪೌರಕಾರ್ಮಿಕರ ಬಗ್ಗೆ ನಮ್ಮ ರಾಜ್ಯದಾಗ ಐವತ್ತು ವರ್ಷದಿಂದ ವರದಿ, ಕಾನೂನು, ಹೋರಾಟ ಎಲ್ಲಾ ಆಗ್ಯಾವ, ಒಂದಿಷ್ಟು ಫಲಾನೂ ಸಿಕ್ಕದ. ಆದ್ರ ಕಲಬುರಗಿದಾಗ ಸೂಪರ್ ಮಾರ್ಕೆಟ್, ಕಿರಾಣಾ ಬಜಾರ್, ಕಣ್ಣಿ ಮಾರ್ಕೆಟ್ ಕಡಿ ಅಂಗಡಿ, ಖಾನಾವಳಿ, ಬಾರ್, ಫಂಕ್ಷನ್ ಹಾಲ್ ಕಸ ಎತ್ತೋ ಮಂದಿ ಯಾರು ಅಂತ ನೋಡ್ರಿ. ಅದ್ರಾಗ ಭಾಳ ಮಂದಿ ಗುತ್ತಿಗೆ ಮ್ಯಾಲಿನ ಲೋಡರ್, ಹೆಲ್ಪರ್, ಡ್ರೈವರ್. ಸರ್ಕಾರ ಒಂದೊಂದು ಹೆಜ್ಜಿ ಮುಂದ ಇಟ್ಟಾಗೆಲ್ಲ ಇವ್ರು ಗೆರಿ ಆಚೀನೇ ಉಳಿದಾರ. ಅದು ಹೆಂಗಾಯ್ತು ಅಂತ ಹೇಳಬೇಕಂತ ಇದನ್ನ ಬರಿಲತ್ತೀನಿ.

1970ರ ದಶಕದ ಶುರುನಾಗ ದೇವರಾಜ ಅರಸು ಸರ್ಕಾರದಾಗ ಮಂತ್ರಿ ಆಗಿದ್ದ ಬಿ. ಬಸವಲಿಂಗಪ್ಪನವರು ತಲಿ ಮ್ಯಾಲ ಮಲ ಹೊರೋ ಪದ್ಧತಿ ನಿಲ್ಲಿಸಿದ್ರು. ಅದು ಸಣ್ಣ ಮಾತಲ್ರಿ, ದೇಶದಾಗ ಇದಕ್ಕ ಕಾನೂನು ಬಂದಿದ್ದೇ 1993ಕ್ಕ, ಅದನ್ನ ಇನ್ನೂ ಬಿಗಿ ಮಾಡಿದ್ದು 2013ಕ್ಕ. ಅದೇ ಹೊತ್ತಿನಾಗ ಐ.ಪಿ.ಡಿ. ಸಾಲಪ್ಪ ಸಮಿತಿ ಕಸ ಬಳಿಯೋರ ಬದುಕು, ಕೆಲಸ ಎರಡೂ ನೋಡಿ 1976ರಾಗ ವರದಿ ಕೊಡ್ತು. 500 ಜನಕ್ಕ ಒಬ್ಬ ಪೌರಕಾರ್ಮಿಕ ಇರಬೇಕು ಅನ್ನೋದು ಅದ್ರ ಲೆಕ್ಕ. ಮುಂದ ಸರ್ಕಾರ ಅದನ್ನ 700ಕ್ಕ ಒಬ್ಬರು ಅಂತ ಮಾಡ್ತು. 2011ರ ಜನಗಣತಿದಾಗ ನಮ್ಮ ಊರಿನ ಜನ 5.3 ಲಕ್ಷದ ಮ್ಯಾಲ, ಅಂದ್ರ ಸಾಲಪ್ಪ ಲೆಕ್ಕದಾಗ ಸಾವಿರದ ಮ್ಯಾಲ ಮಂದಿ ಬೇಕು, 700ರ ಲೆಕ್ಕದಾಗ 760ರ ಆಸುಪಾಸು. ನನ್ನ ತಕರಾರು ಇರೋದು ಇನ್ನೊಂದು, ಈ ಲೆಕ್ಕ ತಲಿ ಎಣಿಸ್ತದ, ವ್ಯಾಪಾರ ಎಣಿಸಂಗಿಲ್ಲ. ದಿನಾ ಸುತ್ತ ತಾಲೂಕಿನವ್ರು ದವಾಖಾನಿಗಿ, ಗಂಜ್ ಮಾರ್ಕೆಟ್‌ಗಿ, ಕೋರ್ಟಿಗಿ ಬರ್ತಾರ, ಉಂಡು ಹೋಗ್ತಾರ, ಶರಣಬಸವೇಶ್ವರ ಜಾತ್ರಿ, ಬಂದಾನವಾಜ್ ಉರುಸ್ ಅಂದ್ರ ಕೇಳೋದೇ ಬ್ಯಾಡ, ಆ ಕಸ ಯಾರ ತಲಿ ಲೆಕ್ಕದಾಗೂ ಬರಂಗಿಲ್ಲ ಆದ್ರ ಯಾರೋ ಒಬ್ರು ಎತ್ತಲೇಬೇಕು.

ಕಸದ ಗಾಡಿ ಯಾವಾಗ ಬಂತು? 1994ರಾಗ ಸೂರತ್‌ನಾಗ ಪ್ಲೇಗ್ ಬಂದು ದೇಶನೇ ಹೆದರಿತ್ತು. 1996ರಾಗ ಅಲ್ಮಿತ್ರಾ ಪಟೇಲ್ ಅವ್ರು ಊರಿನ ಕಸದ ವಿಲೇವಾರಿ ಸರಿ ಮಾಡಸ್ರಿ ಅಂತ ಸುಪ್ರೀಂ ಕೋರ್ಟಿಗಿ ಹೋದ್ರು, 2000ದಾಗ ನಗರ ಘನತ್ಯಾಜ್ಯ ನಿಯಮ ಬಂತು. ಮನಿ ಮನಿಗಿ, ಅಂಗಡಿ ಅಂಗಡಿಗಿ ಹೋಗಿ ಕಸ ತಗೋಬೇಕು ಅಂದಾಗ ಗಾಡಿ ಬೇಕಾಯ್ತು, ಗಾಡಿ ಜೊತಿಗಿ ಡ್ರೈವರ್, ಲೋಡರ್ ಬೇಕಾದ್ರು, ಅವ್ರನ್ನ ಕಾಯಂ ತಗೊಳ್ಳೋ ಬದಲು ಟೆಂಡರ್ ಕರೆಯೋದು ರೂಢಿ ಆಯ್ತು. ರಸ್ತಾ ಕಸಬರಿಗಿ ಒಂದು ಕಡಿ, ಗಾಡಿ ಒಂದು ಕಡಿ ಅಂತ ಕೆಲಸಾನೇ ಎರಡು ಭಾಗ ಆಗಿದ್ದು ಅಲ್ಲಿಂದ.

ಗಾಡಿ ಕೆಲಸದಾಗ ಅಪಾಯ ಎಲ್ಲದ ಅಂತ ಹತ್ರದಿಂದ ನೋಡ್ಬೇಕು. ಹೊಟೇಲ್ ಹಿಂದಿನ ಸಂದ್ಯಾಗ ನೀಲಿ ಪ್ಲಾಸ್ಟಿಕ್ ಡ್ರಮ್ ಇಟ್ಟಿರ್ತಾರ, ಅದ್ರಾಗ ಅನ್ನ, ಸಾಂಬಾರು, ಎಂಜಲ ಎಲಿ, ನಡುವ ಒಡೆದ ಗ್ಲಾಸು. ಒಬ್ಬ ಕೆಳಗ ನಿಂತು ಅದನ್ನ ಹೆಗಲಿಗಿಂತ ಮ್ಯಾಲ ಎತ್ತತಾನ, ಯಾಕಂದ್ರ ಟಿಪ್ಪರಿಗಿ ಜಾಸ್ತಿ ಕಸ ಹಿಡೀಲಿ ಅಂತ ಪಕ್ಕಕ್ಕ ತಗಡು ಕಟ್ಟಿ ಎತ್ತರ ಮಾಡಿರ್ತಾರ, ಇನ್ನೊಬ್ಬ ಕಸದ ಮ್ಯಾಲೇ ನಿಂತು ಇಸ್ಕೊಂಡು ಸುರೀತಾನ. ಡ್ರಮ್ ವಾಲಿದ ಕೂಡ್ಲೇ ಹುಳಿ ನೀರು ಮುಂಗೈ ಮ್ಯಾಲಿಂದ ಇಳಿದು ಗ್ಲೌಸ್ ಒಳಗ ಹೋಗಿ ತುಂಬ್ತದ. ತಾಸಿನ್ಯಾಗ ಬೆರಳು ಬೆಳ್ಳಗ ಸುಕ್ಕು ಬೀಳ್ತಾವ, ಅವಾ ಗ್ಲೌಸ್ ತಗದು ಒಗೀತಾನ. "ಗ್ಲೌಸ್ ಕೊಟ್ರೂ ಹಾಕ್ಕೊಳಂಗಿಲ್ರಿ ಇವ್ರು" ಅಂತ ಮಾತಾಡೋರಿಗಿ ಇದು ಗೊತ್ತಿರಂಗಿಲ್ಲ.

ಸೂಜಿದು ಇನ್ನೂ ಕೆಟ್ಟದ್ದು. ವೈದ್ಯಕೀಯ ತ್ಯಾಜ್ಯಕ್ಕ 1998ರಿಂದ ಬ್ಯಾರೇನೇ ನಿಯಮ ಅದ, 2016ರಾಗ ಹೊಸದು ಬಂತು. ಸೂಜಿ ಚುಚ್ಚಿ ಹೊರಗ ಬರಲಾರದಂಥ ಬಿಳಿ ಡಬ್ಬಿದಾಗ ಹಾಕಬೇಕು, ಆ ಕಸ ಮುಟ್ಟೋರಿಗಿ ಹೆಪಟೈಟಿಸ್ ಬಿ, ಧನುರ್ವಾಯು ಲಸಿಕಿ ಹಾಕಬೇಕು ಅಂತ ಅದ್ರಾಗ ಸಾಫ್ ಬರದದ. ಆದ್ರ ಮನ್ಯಾಗ ಇನ್ಸುಲಿನ್ ತಗೊಂಡ ಸೂಜಿ, ಸಣ್ಣ ಕ್ಲಿನಿಕ್ಕಿನವ್ರು ಕದ್ದು ಒಗೆದ ಸೂಜಿ ಬರೋದು ಸಾದಾ ಕಸದಾಗ, ಸಾದಾ ಕಸ ಎತ್ತೋ ಲೋಡರ್ ಈ ನಿಯಮದ ಒಳಗ ಇಲ್ಲ. ಸೂಜಿ ಚುಚ್ಚಿದ್ರ ಹಿಂಡಬಾರದು, ಸಾಬೂನು ಹಚ್ಚಿ ಹರಿಯೋ ನೀರಿನ್ಯಾಗ ತೊಳಿಬೇಕು, ಕೂಡ್ಲೇ ಸರ್ಕಾರಿ ದವಾಖಾನಿಗಿ ಹೋಗಬೇಕು, ಎಚ್‌ಐವಿ ತಡೆಯೋ ಗುಳಿಗಿ 72 ತಾಸಿನ ಒಳಗ ಶುರು ಆದ್ರೇನೇ ಉಪಯೋಗ. ಇದನ್ನ ಎಷ್ಟು ಗಾಡಿ ಮಂದಿಗಿ ಯಾರರೆ ಕೂಡಿಸ್ಕೊಂಡು ಹೇಳ್ಯಾರ? ಒಂದು ದಿನ ರಜಾ ಹಾಕಿದ್ರ ಪಗಾರ ಕಟ್ ಅಂತಿರೋವಾಗ ಚುಚ್ಚಿದ್ದನ್ನ ಅವ್ರು ಹೇಳೋದೂ ಇಲ್ಲ.

2016ರ ಘನತ್ಯಾಜ್ಯ ನಿಯಮ ಒಂದು ಛಲೋ ಕೆಲಸ ಮಾಡ್ತು. ಸಮವಸ್ತ್ರ, ಹೊಳೆಯೋ ಜಾಕೆಟ್, ಗ್ಲೌಸ್, ರೇನ್‌ಕೋಟ್, ಬೂಟು, ಮಾಸ್ಕ್ ಇವನ್ನ ಕಸ ಮುಟ್ಟೋ ಎಲ್ಲರಿಗೂ ಕೊಡಬೇಕು, ಅವ್ರು ಹಾಕ್ಕೊಳ್ಳೋ ಹಂಗ ನೋಡ್ಕೋಬೇಕು ಅಂತಂತು. ದಿನಕ್ಕ 100 ಕೆಜಿ ಮ್ಯಾಲ ಕಸ ಮಾಡೋರ ಮ್ಯಾಲೂ ಜವಾಬ್ದಾರಿ ಹಾಕ್ತು. ಆದ್ರ ನಾಲ್ಕು ಮಂದಿ ಕೆಲಸ ಇಬ್ಬರ ಕೈಲಿ ಮಾಡಿಸೋದು, ತಗಡಿನ ಎತ್ತರ, ಬಿಸಲು, ಇವು ಬೂಟು ಕೊಟ್ರ ಹೋಗಂಗಿಲ್ಲ. ಏಪ್ರಿಲ್, ಮೇ ಬಂತಂದ್ರ ಕಲಬುರಗಿ ವಿಭಾಗದ ಸರ್ಕಾರಿ ಆಫೀಸು ಮುಂಜಾನಿ 8ಕ್ಕ ತಗದು ಮಧ್ಯಾಹ್ನ 1.30ಕ್ಕ ಮುಚ್ತಾವ. ಆ ಆದೇಶ ಆಫೀಸಿನವ್ರಿಗಿ, ಟ್ರಿಪ್ ಮುಗಿಸಿ ಉದನೂರಿನ ಕಸದ ಯಾರ್ಡಿಗಿ ಹೋಗೋ ಗಾಡಿಗಿ ಅಲ್ಲ.

2020ರ ಮಾರ್ಚಿನಾಗ ದೇಶದ ಮೊದಲನೇ ಕೋವಿಡ್ ಸಾವು ನಮ್ಮ ಊರಾಗೇ ಆಯ್ತು. ಎಲ್ಲಾ ಬಂದ್ ಆದ್ರೂ ಕಸದ ಗಾಡಿ ನಿಲ್ಲಲಿಲ್ಲ. ಮುಂದಿನ ವರ್ಷ ಜನವರಿದಾಗ ಇದೇ ಊರಾಗ ಮ್ಯಾನ್‌ಹೋಲ್‌ಗಿ ಇಳಿದ ಇಬ್ಬರು ಉಸಿರುಗಟ್ಟಿ ಸತ್ರು. ಒಳಚರಂಡಿ ಸಾವಿಗಿ ಪರಿಹಾರ 30 ಲಕ್ಷ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2023ರ ಅಕ್ಟೋಬರ್‌ದಾಗ.

2022ರ ಜುಲೈದಾಗ ಪೌರಕಾರ್ಮಿಕರು ರಾಜ್ಯದ ತುಂಬ ಕೆಲಸ ನಿಲ್ಲಿಸಿ ಕುಂತ್ರು. ಸೆಪ್ಟೆಂಬರ್‌ದಾಗ 11,133 ಮಂದಿನ್ನ ಕಾಯಂ ಮಾಡೋಕ ಸಂಪುಟ ಒಪ್ಪಿತು. ದೊಡ್ಡ ಗೆಲುವು, ಅದ್ರ ಬಗ್ಗೆ ನನಗ ಖುಷಿನೇ ಅದ. ಆದ್ರ ಅದು ಕಸಬರಿಗಿ ಹಿಡಿದವ್ರ ಲೆಕ್ಕ, ಡ್ರೈವರ್, ಲೋಡರ್, ಹೆಲ್ಪರ್ ಅದ್ರಾಗ ಬರಲಿಲ್ಲ, ನಮಗೂ ನೇರಪಾವತಿ, ಅಂದ್ರ ಗುತ್ತಿಗೆದಾರನ ಕೈ ದಾಟಿಸಿ ಸೀದಾ ಪಗಾರ, ಕೊಡ್ರಿ ಅಂತ ಅವ್ರು ಆಮ್ಯಾಲೂ ಧರಣಿ ಕೂಡಬೇಕಾಯ್ತು.

ಈಗ ಹಳೇ ಕಾರ್ಮಿಕ ಕಾಯ್ದಿಗಳನ್ನ ಕೂಡಿಸಿ ಕೇಂದ್ರ ಮಾಡಿದ ಹೊಸ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗಿ ಬಂದಾವ. 40 ವರ್ಷ ದಾಟಿದವ್ರಿಗಿ ವರ್ಷಕ್ಕೊಮ್ಮೆ ಫ್ರೀ ಆರೋಗ್ಯ ತಪಾಸಣಿ, ಎಲ್ಲರಿಗೂ ನೇಮಕಾತಿ ಪತ್ರ ಅನ್ನೋ ಛಲೋ ಮಾತು ಅದ್ರಾಗ ಅವ. ಆದ್ರ 1970ರ ಗುತ್ತಿಗೆ ಕಾರ್ಮಿಕರ ಕಾಯ್ದಿ 20 ಮಂದಿ ಇಟ್ಕೊಂಡ ಗುತ್ತಿಗೆದಾರನಿಗಿ ಲಾಗೂ ಆಗ್ತಿತ್ತು, ಸಂಹಿತೆದಾಗ ಗುತ್ತಿಗೆ ಕಾರ್ಮಿಕರ ಭಾಗ ಲಾಗೂ ಆಗಬೇಕಂದ್ರ 50 ಮಂದಿ ಇರಬೇಕು. ನಲವತ್ತು ಲೋಡರ್ ಇಟ್ಕೊಂಡಾವ ಹಳೇ ಕಾಯ್ದಿ ಒಳಗ ಇದ್ದ, ಹೊಸದರ ಆ ಭಾಗದಾಗ ಇಲ್ಲ. ಹಿಂಗಾಗಿ ಇನ್ನ ಮುಂದ ಹಿಡಿಯೋ ಜಾಗ ಅಂದ್ರ ಟೆಂಡರ್ ಷರತ್ತೇ. ಹೆಪಟೈಟಿಸ್ ಲಸಿಕಿ, ಇಎಸ್‌ಐ ಕಾರ್ಡು, ಗಾಡಿಗಿ ಡ್ರಮ್ ಎತ್ತೋ ಯಂತ್ರ, ಒಂದು ಗಾಡಿಗಿ ಎಷ್ಟು ಮಂದಿ, ಬ್ಯಾಸಗಿ ಟೈಮಿಂಗ್, ಇವನ್ನ ಷರತ್ತಿನ್ಯಾಗ ಬರೆದು ಹಾಕಿದ್ರ ಗುತ್ತಿಗೆದಾರ ಕೊಡಲೇಬೇಕಾಗ್ತದ, ಬರೆಯದಿದ್ರ ಕೇಳೋಕ ಲೋಡರಿನ ಕೈಯಾಗ ಕಾಗದಾನೇ ಇರಂಗಿಲ್ಲ. ಪಾಲಿಕಿ ಮುಂದಿನ ಟೆಂಡರ್ ಕರೆದಾಗ ವಾರ್ಡಿನ ಮೆಂಬರ್ ಹತ್ರ ಆ ಷರತ್ತಿನ ಪ್ರತಿ ಕೇಳ್ರಿ.