ಕೊಡಗಿನ ಮಕ್ಕಳಿಗೆ ಎನ್‌ಸಿಸಿ ಏರ್ ವಿಂಗ್: ಹಿಂದಿಗಿಂತ ಈಗ ಅವಕಾಶ ಹೆಚ್ಚಿದೆಯೇ?

ಪ್ರಶ್ನೆ: ನಾನು ಎಂಬತ್ತರ ದಶಕದಲ್ಲಿ ಕಾಲೇಜಿನ ಎನ್‌ಸಿಸಿಯಲ್ಲಿದ್ದವನು. ಪರೇಡ್, ರೈಫಲ್, ವರ್ಷಕ್ಕೊಂದು ಕ್ಯಾಂಪ್, ಕೊನೆಗೊಂದು ಸರ್ಟಿಫಿಕೇಟ್. ನನ್ನ ಅನುಭವ ಅಷ್ಟೇ. ಈಗ ದ್ವಿತೀಯ ಪಿಯುಸಿಯಲ್ಲಿರುವ ಮಗಳು ಪದವಿಗೆ ಹೋದ ಮೇಲೆ ಏರ್ ವಿಂಗ್‌ಗೇ ಸೇರುತ್ತೇನೆ, ವಿಮಾನ ಹಾರಿಸುತ್ತೇನೆ ಎಂದು ಹಟ ಹಿಡಿದಿದ್ದಾಳೆ. ನಿಜವಾಗಿಯೂ ಹಾರಿಸಲು ಬಿಡುತ್ತಾರೆಯೇ? ನಮ್ಮ ಕಾಲಕ್ಕಿಂತ ಈಗ ಅವಕಾಶ ಹೆಚ್ಚಿದೆಯೇ?
– ಸೋಮವಾರಪೇಟೆ ತಾಲ್ಲೂಕಿನ ಒಬ್ಬ ತಂದೆ

ಉತ್ತರ: ಕಾಲೇಜು ಆಯ್ಕೆಯ ಗಡಿಬಿಡಿ ಶುರುವಾದಾಗಲೆಲ್ಲ ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಬರುತ್ತದೆ. ಚುಟುಕಾಗಿ ಹೇಳುವುದಾದರೆ, ಏರ್ ವಿಂಗ್‌ನಿಂದ ಮುಂದಕ್ಕೆ ಹೋಗುವ ದಾರಿಗಳು ನಿಮ್ಮ ಕಾಲಕ್ಕಿಂತ ಖಂಡಿತ ಹೆಚ್ಚಿವೆ. ಹೆಣ್ಣುಮಕ್ಕಳ ಮಟ್ಟಿಗಂತೂ ಅಂದಿಗೂ ಇಂದಿಗೂ ಹೋಲಿಕೆಯೇ ಇಲ್ಲ. ಆದರೆ ಕೆಡೆಟ್ ಆಗಿದ್ದಾಗ ಆಕಾಶದಲ್ಲಿ ಎಷ್ಟು ಹೊತ್ತು ಸಿಗುತ್ತದೆ ಎನ್ನುವುದು ಇಂದಿಗೂ ವಿಮಾನ, ಬೋಧಕ, ಹವೆ ಈ ಮೂರನ್ನು ನೆಚ್ಚಿಕೊಂಡಿದೆ. ಕೊಡಗಿನವರಿಗೆ ನಾಲ್ಕನೆಯದೊಂದು ಸೇರುತ್ತದೆ: ಮಗಳು ಯಾವ ಊರಿನ ಕಾಲೇಜಿಗೆ ಸೇರುತ್ತಾಳೆ ಎಂಬುದು. ನನ್ನ ಪ್ರಕಾರ ಉಳಿದ ಮೂರಕ್ಕಿಂತ ಇದೇ ದೊಡ್ಡದು.

ಎನ್‌ಸಿಸಿ ಹುಟ್ಟಿದ್ದು 1948ರ ಕಾಯ್ದೆಯಿಂದ, ಹೃದಯನಾಥ ಕುಂಜ್ರು ಸಮಿತಿಯ ಶಿಫಾರಸಿನ ಮೇಲೆ. ಮರುವರ್ಷ ಹುಡುಗಿಯರ ವಿಭಾಗ ಬಂತು, 1950ರಲ್ಲಿ ಏರ್ ವಿಂಗ್, 1952ರಲ್ಲಿ ನೇವಲ್ ವಿಂಗ್. ಏರ್ ವಿಂಗ್‌ನ ಮೊದಲ ಸ್ಕ್ವಾಡ್ರನ್‌ಗಳು ತಲೆಯೆತ್ತಿದ್ದು ಮುಂಬೈ ಮತ್ತು ಕೋಲ್ಕತ್ತಗಳಲ್ಲಿ. ಇದು ಆಕಸ್ಮಿಕವೇನೂ ಅಲ್ಲ. ಪರೇಡಿಗೆ ಶಾಲೆಯ ಮೈದಾನ ಸಾಕು, ಹಾರಾಟಕ್ಕೆ ರನ್‌ವೇ ಬೇಕು. ಹಾಗಾಗಿ ಹುಟ್ಟಿದಾಗಿನಿಂದಲೂ ಏರ್ ವಿಂಗ್ ವಿಮಾನ ನಿಲ್ದಾಣವಿರುವ ಊರುಗಳ ಸುತ್ತಲೇ ಬೆಳೆದಿದೆ. ಕರ್ನಾಟಕದಲ್ಲೂ ಬೆಂಗಳೂರು, ಮೈಸೂರು, ಮಂಗಳೂರುಗಳಲ್ಲಿ ವಾಯು ಸ್ಕ್ವಾಡ್ರನ್‌ಗಳಿವೆ. ವಿಮಾನ ನಿಲ್ದಾಣವೇ ಇಲ್ಲದ ಕೊಡಗಿನ ಪಾಲಿಗಿರುವುದು ಮಡಿಕೇರಿಯ 19ನೇ ಕರ್ನಾಟಕ ಬೆಟಾಲಿಯನ್, ಅಂದರೆ ಆರ್ಮಿ ವಿಂಗ್. ನೀವು ಕಾಲೇಜಿನಲ್ಲಿ ಕಂಡದ್ದೂ ಬಹುಶಃ ಅದನ್ನೇ.

ನಮ್ಮ ಜಿಲ್ಲೆಗೆ ಇದು ತಕ್ಕುದಾಗಿಯೇ ಕಂಡಿರಬೇಕು. 1949ರ ಜನವರಿ 15ರಂದು ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದ ಕಾರ್ಯಪ್ಪನವರ ಊರು, ತಿಮ್ಮಯ್ಯನವರ ಊರು; ಇಲ್ಲಿ ಸೇನೆ ಎಂದರೆ ಮೊದಲು ನೆನಪಾಗುವುದು ಭೂಸೇನೆಯೇ. ಆದರೆ ವಾಯುಪಡೆಗೂ ಈ ನೆಲ ಕಡಿಮೆ ಕೊಟ್ಟಿಲ್ಲ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರು 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ, ತಮ್ಮ ಮಿಸ್ಟಿಯರ್ ವಿಮಾನಕ್ಕಿಂತ ಎಷ್ಟೋ ವೇಗದ ಪಾಕಿಸ್ತಾನಿ ಯುದ್ಧವಿಮಾನ ಸ್ಟಾರ್‌ಫೈಟರ್ ಅನ್ನು ಹೊಡೆದುರುಳಿಸಿ ಮಡಿದರು. ಆ ಸಾಹಸ ಹೊರಬಂದು ಮಹಾವೀರ ಚಕ್ರ ಸಿಗುವ ಹೊತ್ತಿಗೆ 1988 ಆಗಿತ್ತು. ಅದೇ ಯುದ್ಧದಲ್ಲಿ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮಗ ಕೆ.ಸಿ. ಕಾರ್ಯಪ್ಪ ಹಂಟರ್ ವಿಮಾನದಿಂದ ಜಿಗಿದು ಯುದ್ಧ ಕೈದಿಯಾದರು, ಮುಂದೆ ಏರ್ ಮಾರ್ಷಲ್ ಆದರು. ಇಂಥ ಹೆಸರುಗಳನ್ನು ಕೇಳುತ್ತ ಬೆಳೆದ ಹುಡುಗಿ ಹಟ ಹಿಡಿಯದಿದ್ದರೇ ಆಶ್ಚರ್ಯ.

ಇನ್ನು ‘ಆಗಿನ ಕಾಲದಲ್ಲಿ ಕೆಡೆಟ್‌ಗಳು ನಿಜವಾಗಿ ಹಾರುತ್ತಿದ್ದರು’ ಎಂದು ಹಿರಿಯರು ಹೇಳುವ ಮಾತು. ಅದರಲ್ಲಿ ನಿಜವಿದೆ, ಆದರೆ ಪೂರ್ತಿ ಇಲ್ಲ. ಮೊದಲ ದಶಕಗಳಲ್ಲಿ ಟೈಗರ್ ಮಾತ್‌ನಂಥ ತೆರೆದ ಕಾಕ್‌ಪಿಟ್ಟಿನ ವಿಮಾನಗಳಿದ್ದವು; ಪ್ರೊಪೆಲ್ಲರನ್ನು ಕೈಯಲ್ಲಿ ತಿರುಗಿಸಿಯೇ ಎಂಜಿನ್ ಎಬ್ಬಿಸಬೇಕಿತ್ತು. ಆಮೇಲೆ ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ ಪುಷ್ಪಕ್ ಬಂತು. 1958ರಲ್ಲಿ ಮೊದಲು ಹಾರಿದ, ಇಬ್ಬರು ಪಕ್ಕಪಕ್ಕದಲ್ಲಿ ಕೂರುವ, 90 ಅಶ್ವಶಕ್ತಿಯ ಈ ಪುಟ್ಟ ವಿಮಾನ ದೇಶದ ಫ್ಲೈಯಿಂಗ್ ಕ್ಲಬ್‌ಗಳ ಮನೆಮಗನಂತಿತ್ತು. ಆಯ್ಕೆಯಾದ ಕೆಡೆಟ್‌ಗಳು ಆ ಕ್ಲಬ್‌ಗಳಲ್ಲೇ ಕಲಿಯುತ್ತಿದ್ದರು. ಗ್ಲೈಡರ್‌ಗಳೂ ಇದ್ದವು. ರನ್‌ವೇಯ ಆ ತುದಿಯಲ್ಲಿ ವಿಂಚ್ ಯಂತ್ರ ಉಕ್ಕಿನ ಹಗ್ಗವನ್ನು ರಭಸದಿಂದ ಸುತ್ತಿಕೊಳ್ಳುತ್ತಿದ್ದಂತೆ ಈ ತುದಿಯ ಗ್ಲೈಡರ್ ಮೂಗೆತ್ತಿ ಕಡಿದಾಗಿ ಏರುತ್ತದೆ. ಸಾಕಷ್ಟು ಎತ್ತರಕ್ಕೆ ಹೋದ ಮೇಲೆ ಹಗ್ಗ ಕಳಚಿದರೆ ಆಮೇಲೆ ಎಂಜಿನ್ನಿಲ್ಲ, ಮೈಮೇಲೆ ಹಾಯುವ ಗಾಳಿಯ ಸದ್ದಷ್ಟೇ. ಇಳಿಯಲು ಒಂದೇ ಅವಕಾಶ. ಲೆಕ್ಕ ತಪ್ಪಿದರೆ ಇನ್ನೊಂದು ಸುತ್ತು ಹಾಕಲು ಬರುವುದಿಲ್ಲ. ಹದಿನೆಂಟರ ಹುಡುಗನಿಗೆ ಇದಕ್ಕಿಂತ ಒಳ್ಳೆಯ ಶಿಕ್ಷಣ ಇನ್ನೇನಿದ್ದೀತು?

ಪೂರ್ತಿ ನಿಜವಲ್ಲ ಎಂದದ್ದು ಏಕೆಂದರೆ, ಹೀಗೆ ಹಾರಿದವರು ಬೆರಳೆಣಿಕೆಯ ಅದೃಷ್ಟವಂತರು. 1962ರ ಯುದ್ಧದ ಬಳಿಕ 1963ರಿಂದ ಕಾಲೇಜುಗಳಲ್ಲಿ ಎನ್‌ಸಿಸಿ ಕಡ್ಡಾಯವಾಯಿತು, 1968ರಲ್ಲಿ ಮತ್ತೆ ಐಚ್ಛಿಕವಾಯಿತು. ಆ ಐದು ವರ್ಷ ಪರೇಡ್ ಮಾಡಿದವರು ಲಕ್ಷಗಟ್ಟಲೆ. ಅಷ್ಟು ಜನರನ್ನು ಹಾರಿಸಲು ಯಾವ ದೇಶದಲ್ಲಿ ವಿಮಾನಗಳಿದ್ದವು?

ಮುಂದೆ ಗ್ಲೈಡರ್‌ಗಳ ಕಾಲ ಹಿಂದೆ ಸರಿದು ಮೈಕ್ರೋಲೈಟ್ ಎಂಬ ಅತಿ ಹಗುರ ಎಂಜಿನ್ ವಿಮಾನ ಬಂತು, ಮೊದಲು ಜೆನ್ ಏರ್, ಈಚೆಗೆ ಸ್ಲೊವೇನಿಯಾದ ಪಿಪಿಸ್ಟ್ರೆಲ್ ಕಂಪನಿಯ ವೈರಸ್ ಎಸ್‌ಡಬ್ಲ್ಯು 80. 2015ರಲ್ಲಿ ರಕ್ಷಣಾ ಸಚಿವಾಲಯ ಇಂಥ 194 ವಿಮಾನಗಳಿಗೆ ಒಪ್ಪಂದ ಮಾಡಿಕೊಂಡಿತು, ಅದರಲ್ಲಿ 110 ಎನ್‌ಸಿಸಿಯ ಪಾಲಿಗೆ. (ಕೋವಿಡ್ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಇಟ್ಟ ಹೆಸರು, ಮಕ್ಕಳು ನಗದೇ ಬಿಡುವುದಿಲ್ಲ.) 80 ಎಂದರೆ 80 ಅಶ್ವಶಕ್ತಿ. ಪುಷ್ಪಕ್‌ಗಿಂತ ಕಡಿಮೆ, ಆದರೆ ಹಗುರ ಮೈಯಿಂದಾಗಿ ವೇಗದಲ್ಲಿ ಅದನ್ನು ಸುಲಭವಾಗಿ ಹಿಂದೆ ಹಾಕುತ್ತದೆ. ಹಗುರವಾಗಿರುವುದೇ ತೊಡಕೂ ಹೌದು. ಬಿಸಿಲೇರಿ ಗಾಳಿ ಎದ್ದರೆ ಕಷ್ಟ, ಹಾಗಾಗಿ ಹಾರಾಟಕ್ಕೆ ಬೆಳಗಿನ ಹೊತ್ತೇ ಪ್ರಶಸ್ತ. ಮಳೆಗಾಲದಲ್ಲಿ ದಿನಗಟ್ಟಲೆ ಹ್ಯಾಂಗರಿನ ಬಾಗಿಲು ತೆರೆಯದಿರಬಹುದು.

ನಿಮ್ಮ ಮೊದಲ ಪ್ರಶ್ನೆಗೆ ಈಗ ನೇರ ಉತ್ತರ ಹೇಳಬಹುದು. ಹಾರಿಸಲು ಬಿಡುತ್ತಾರೆ, ಪಕ್ಕದ ಆಸನದಲ್ಲಿ ವಾಯುಪಡೆಯ ಅಧಿಕಾರಿ ಕುಳಿತಿರುತ್ತಾರೆ. ಹಾರುವ ಮೊದಲು ವಿಮಾನದ ಸುತ್ತ ನಡೆದು ಪ್ರೊಪೆಲ್ಲರ್, ಚಕ್ರ, ರೆಕ್ಕೆಯ ಕೀಲುಗಳನ್ನು ಒಂದೊಂದಾಗಿ ಮುಟ್ಟಿ ನೋಡಬೇಕು. ಇಂಧನದಲ್ಲಿ ನೀರು ಸೇರಿದೆಯೇ ಎಂದು ಸ್ವಲ್ಪ ಹೊರಕ್ಕೆ ಹರಿಸಿ ಪರೀಕ್ಷಿಸಬೇಕು. ಮೇಲೇರಿ ಸ್ಥಿರವಾದ ಮೇಲೆ ಸ್ಟಿಕ್, ಅಂದರೆ ವಿಮಾನ ನಡೆಸುವ ಕೋಲು, ಕೈಗೆ ಬರುತ್ತದೆ. ಹೆಚ್ಚಿನ ಕೆಡೆಟ್‌ಗಳಿಗೆ ಸಿಗುವುದು ಕೆಲವೇ ನಿಮಿಷಗಳ ಇಂಥ ಅನುಭವ. ಹೆಚ್ಚು ಹೊತ್ತು ಸಿಗುವುದು ಅಖಿಲ ಭಾರತ ವಾಯುಸೈನಿಕ ಕ್ಯಾಂಪ್‌ನ ಹಾರಾಟ ಸ್ಪರ್ಧೆಗೆ ಆಯ್ಕೆಯಾದವರಿಗೆ. ಆದ್ದರಿಂದ ಏರ್ ವಿಂಗ್ ಸೇರಿದರೆ ಪೈಲಟ್ ಲೈಸೆನ್ಸ್ ಕೈಗೆ ಬಂದಂತೆಯೇ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಹಾಗಾದರೆ ಹೆಚ್ಚಿದ್ದೇನು? ಮುಖ್ಯವಾಗಿ ಒಂದು ಬಾಗಿಲು. ವಾಯುಪಡೆಯ ಫ್ಲೈಯಿಂಗ್ ಶಾಖೆಗೆ ಎನ್‌ಸಿಸಿ ವಿಶೇಷ ಪ್ರವೇಶವಿದೆ. ಸಿಡಿಎಸ್ ಹಾಗೂ ಎಎಫ್‌ಕ್ಯಾಟ್ ಎಂಬ ಅಧಿಕಾರಿ ನೇಮಕಾತಿಯ ಲಿಖಿತ ಪರೀಕ್ಷೆಗಳ ಮೂಲಕ ತುಂಬುವ ಹುದ್ದೆಗಳಲ್ಲಿ ಶೇ 10ರಷ್ಟನ್ನು ಇದಕ್ಕೆ ಮೀಸಲಿಡುತ್ತಾರೆ. ಅರ್ಹರು ಲಿಖಿತ ಪರೀಕ್ಷೆಯಿಲ್ಲದೆ ನೇರವಾಗಿ ಆಯ್ಕೆ ಮಂಡಳಿಯ ಮುಂದೆ ಹೋಗುತ್ತಾರೆ. ದೇಶದ ಕೆಲವೇ ವಾಯುಪಡೆ ಆಯ್ಕೆ ಮಂಡಳಿಗಳಲ್ಲಿ ಒಂದು ಮೈಸೂರಿನಲ್ಲೇ ಇದೆ.

ಕೊಡಗಿನ ಮಕ್ಕಳು ಎಡವುವುದು ಇಲ್ಲಿಯೇ. ಈ ಪ್ರವೇಶಕ್ಕೆ ಬೇಕಾದದ್ದು ಏರ್ ವಿಂಗ್‌ನ ಸೀನಿಯರ್ ಡಿವಿಷನ್ ಸಿ ಸರ್ಟಿಫಿಕೇಟ್, ಅಂದರೆ ಕಾಲೇಜು ಮಟ್ಟದ ಎನ್‌ಸಿಸಿಯ ಕೊನೆಯ ಪ್ರಮಾಣಪತ್ರ. ಮಡಿಕೇರಿಯಲ್ಲೋ ಗೋಣಿಕೊಪ್ಪದಲ್ಲೋ ಓದಿ, ಆರ್ಮಿ ವಿಂಗ್‌ನಲ್ಲಿ ಬೆವರು ಸುರಿಸಿ ಪಡೆದ ಸಿ ಸರ್ಟಿಫಿಕೇಟ್ ಭೂಸೇನೆಯ ಎನ್‌ಸಿಸಿ ವಿಶೇಷ ಪ್ರವೇಶಕ್ಕೆ ಉಪಯೋಗಕ್ಕೆ ಬರುತ್ತದೆ, ಚೆನ್ನೈನ ಒಟಿಎಗೆ (ಅಧಿಕಾರಿಗಳ ತರಬೇತಿ ಅಕಾಡೆಮಿ) ಕರೆದೊಯ್ಯುತ್ತದೆ. ವಾಯುಪಡೆಯ ಈ ಬಾಗಿಲನ್ನು ಅದು ತೆರೆಯುವುದಿಲ್ಲ. ಎರಡೂ ಸಿ ಸರ್ಟಿಫಿಕೇಟೇ ಅಲ್ಲವೇ ಎಂದುಕೊಂಡು ಮೂರು ವರ್ಷ ಕಳೆದ ಮೇಲೆ ಈ ಸಂಗತಿ ತಿಳಿದರೆ ಮಾಡುವುದೇನೂ ಉಳಿದಿರುವುದಿಲ್ಲ. ಮತ್ತೆ ಎಎಫ್‌ಕ್ಯಾಟ್ ಬರೆಯಬೇಕು, ಅಷ್ಟೆ.

ಹೆಣ್ಣುಮಕ್ಕಳ ವಿಷಯ. ನೀವು ಕಾಲೇಜಿನಲ್ಲಿದ್ದಾಗ ನಿಮ್ಮ ಸಹಪಾಠಿ ಹುಡುಗಿ ಎಷ್ಟೇ ಚುರುಕಾಗಿದ್ದರೂ ವಾಯುಪಡೆಯ ಪೈಲಟ್ ಆಗುವಂತಿರಲಿಲ್ಲ, ಆ ನೇಮಕಾತಿಯೇ ಇರಲಿಲ್ಲ. ತೊಂಬತ್ತರ ದಶಕದಲ್ಲಿ ಸಾಗಣೆ ವಿಮಾನ ಮತ್ತು ಹೆಲಿಕಾಪ್ಟರ್‌ಗಳಿಗೆ ಮಹಿಳೆಯರು ಬಂದರು. 2016ರ ಜೂನ್ 18ರಂದು ಹೈದರಾಬಾದಿನ ದುಂಡಿಗಲ್ ವಾಯುಪಡೆ ಅಕಾಡೆಮಿಯಿಂದ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಮೊದಲ ಮಹಿಳಾ ಯುದ್ಧ ವಿಮಾನ ಪೈಲಟ್‌ಗಳಾಗಿ ಹೊರಬಂದರು. 2022ರಿಂದ, ಪಿಯುಸಿ ಮುಗಿಸಿದವರು ಸೇರುವ ಎನ್‌ಡಿಎಯಲ್ಲೂ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಹುಡುಗಿಯರಿದ್ದಾರೆ. ಅಂದರೆ ನಿಮ್ಮ ಮಗಳು ಪದವಿಯವರೆಗೂ ಕಾಯಬೇಕೆಂದಿಲ್ಲ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದುತ್ತಿದ್ದರೆ ಈಗಲೇ ಎನ್‌ಡಿಎ ಪರೀಕ್ಷೆ ಬರೆಯಬಹುದು. ಏರ್ ವಿಂಗ್ ಎರಡನೆಯ ದಾರಿಯಾಗಿ ಉಳಿಯಲಿ. ಕುಶಾಲನಗರದ ಹತ್ತಿರ ಕೂಡಿಗೆಯಲ್ಲಿ 2007ರಿಂದ ಇರುವ ಸೈನಿಕ ಶಾಲೆಯೂ ಈಗ ಹುಡುಗಿಯರನ್ನು ಸೇರಿಸಿಕೊಳ್ಳುತ್ತದೆ. ನಿಮ್ಮ ಮಗಳಿಗೆ ಆ ವಯಸ್ಸು ದಾಟಿತು, ಮನೆಯಲ್ಲಿ ಚಿಕ್ಕವರಿದ್ದರೆ ನೆನಪಿರಲಿ.

ಹಾರಾಟದ ಆಚೆಗೂ ಏರ್ ವಿಂಗ್‌ನಲ್ಲಿ ಬೇಕಾದಷ್ಟಿದೆ, ನನಗೆ ಅದರಲ್ಲಿ ಹೆಚ್ಚು ಇಷ್ಟವಾದದ್ದು ಏರೋಮಾಡೆಲಿಂಗ್. ಬಾಲ್ಸಾ ಎಂಬ ಹಗುರ ಮರದ ಹಾಳೆಯನ್ನು ಬ್ಲೇಡಿನಲ್ಲಿ ಕತ್ತರಿಸಿ, ರೆಕ್ಕೆಯ ಪಕ್ಕೆಲುಬುಗಳನ್ನು ಅಂಟಿಸಿ, ಮೇಲೆ ತೆಳು ಹೊದಿಕೆ ಎಳೆಯುತ್ತಾರೆ. ಕಂಟ್ರೋಲ್ ಲೈನ್ ಮಾದರಿಯಲ್ಲಿ ಕೆಡೆಟ್ ನಡುವೆ ನಿಂತು ಹಿಡಿಯೊಂದನ್ನು ಹಿಡಿದಿರುತ್ತಾಳೆ; ಎರಡು ತಂತಿಗಳ ತುದಿಯಲ್ಲಿ ಮಾದರಿ ವಿಮಾನ ಕಿರುಗುಟ್ಟುತ್ತ ಸುತ್ತು ಹೊಡೆಯುತ್ತದೆ, ಮಣಿಕಟ್ಟು ಒಂದಿಷ್ಟು ಹೆಚ್ಚು ವಾಲಿದರೂ ನೆಲಕ್ಕೆ ಮೂಗು ಹೊಡೆಯುತ್ತದೆ. ರಾತ್ರಿಯಿಡೀ ಕೂತು ಮಾಡಿದ್ದು ಚೂರಾದಾಗ ಮತ್ತೆ ಬ್ಲೇಡು, ಮತ್ತೆ ಅಂಟು. ರೆಕ್ಕೆ ಏಕೆ ಎತ್ತುತ್ತದೆ, ತೂಕದ ಕೇಂದ್ರ ಹಿಂದೆ ಸರಿದರೆ ಏನಾಗುತ್ತದೆ ಎನ್ನುವುದು ಪುಸ್ತಕದಿಂದ ಹೀಗೆ ಕೈಗೆ ಇಳಿಯುತ್ತದೆ. ವಾಯುಸೈನಿಕ ಕ್ಯಾಂಪ್‌ನಲ್ಲಿ ಸ್ಕೀಟ್ ಶೂಟಿಂಗ್ ಕೂಡ ಇದೆ, ಗಾಳಿಯಲ್ಲಿ ಹಾರುವ ತಟ್ಟೆಗೆ ಗುರಿ ಇಡುವ ಸ್ಪರ್ಧೆ. ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಓದಿನ ಲೆಕ್ಕದಲ್ಲೂ ಬದಲಾವಣೆಯಾಗಿದೆ. 2021ರಲ್ಲಿ ಯುಜಿಸಿ ಎನ್‌ಸಿಸಿಯನ್ನು ಕ್ರೆಡಿಟ್ ಸಿಗುವ ಐಚ್ಛಿಕ ವಿಷಯವಾಗಿ ಕಲಿಸಬಹುದೆಂದಿತು. ಎಷ್ಟು ಕಾಲೇಜುಗಳು ಅದನ್ನು ಮನಸ್ಸಿಟ್ಟು ನಡೆಸುತ್ತವೆ ಎನ್ನುವುದು ಬೇರೆ ಮಾತು. ಡ್ರೋನ್ ತರಬೇತಿಯೂ ಈಚೆಗೆ ಸೇರಿದೆ. 2021ರ ಡ್ರೋನ್ ನಿಯಮಗಳ ಪ್ರಕಾರ 18 ತುಂಬಿದ, ಹತ್ತನೇ ತರಗತಿ ಪಾಸಾದ ಯಾರೇ ಆಗಲಿ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಕಲಿತು ರಿಮೋಟ್ ಪೈಲಟ್ ಪ್ರಮಾಣಪತ್ರ ಪಡೆಯಬಹುದು. ತೋಟಕ್ಕೆ ಔಷಧಿ ಹೊಡೆಯಲು ಆಳು ಸಿಗದ ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಬೇಡಿಕೆ ಬರದೇ ಇರುವುದಿಲ್ಲ. ನಾಗರಿಕ ವಿಮಾನಯಾನದ ಪೈಲಟ್ ಆಗುವುದಾದರೆ ಮಾತ್ರ ಹಣದ ಪ್ರಶ್ನೆ ಹಿಂದಿನಂತೆಯೇ ಇದೆ. ಕಮರ್ಷಿಯಲ್ ಲೈಸೆನ್ಸ್‌ಗೆ 200 ಗಂಟೆ ಹಾರಬೇಕು, ಏರ್ ವಿಂಗ್‌ನ ಕೆಲವು ನಿಮಿಷಗಳು ಅದರಲ್ಲಿ ಏನೂ ಅಲ್ಲ.

ಕೆಡೆಟ್ ಆಗುವ ಮೊದಲೇ ನೋಡಿಕೊಳ್ಳಬೇಕಾದ ಕೆಲವು ಸಂಗತಿಗಳಿವೆ. ವಾಯುಪಡೆಯ ಫ್ಲೈಯಿಂಗ್ ಶಾಖೆಗೆ ಎತ್ತರ ಕನಿಷ್ಠ 162.5 ಸೆಂ.ಮೀ. ಇರಬೇಕು, ಕಾಲಿನ ಉದ್ದಕ್ಕೂ ಮಿತಿಗಳಿವೆ. ಪದವಿಯಲ್ಲಿ ಶೇ 60 ಅಂಕ ಬೇಕು. ದೂರದ್ದು ಮಸುಕಾಗಿ ಕಾಣುವ ದೃಷ್ಟಿದೋಷಕ್ಕೆ ಕನ್ನಡಕ ಹಾಕುತ್ತಿದ್ದರೆ ಹಾರಾಟದ ಶಾಖೆ ಬಹುಮಟ್ಟಿಗೆ ಮುಚ್ಚಿದಂತೆ, ಗ್ರೌಂಡ್ ಡ್ಯೂಟಿ ಶಾಖೆಗಳಿವೆ. ಕಣ್ಣಿನ ತಪಾಸಣೆಯನ್ನು ಈ ತಿಂಗಳೇ ಮಾಡಿಸಿಬಿಡಿ. ಪೈಲಟ್ ಆಯ್ಕೆಯ ಗಣಕೀಕೃತ ಪರೀಕ್ಷೆಯನ್ನು ಜೀವಮಾನದಲ್ಲಿ ಒಂದೇ ಸಲ ಬರೆಯಲು ಬಿಡುತ್ತಾರೆ, ಆದ್ದರಿಂದ ಸಿದ್ಧತೆಯಿಲ್ಲದೆ ‘ಒಮ್ಮೆ ನೋಡಿ ಬರೋಣ’ ಎಂದು ಹೋಗಬಾರದು.

ಇನ್ನು ಕಾಲೇಜು. ಎನ್‌ಸಿಸಿಗೆ ಹೊರಗಿನಿಂದ ನೇರವಾಗಿ ಸೇರಲಾಗದು. ಆ ಕಾಲೇಜಿಗೆ ಏರ್ ವಿಂಗ್ ಮಂಜೂರಾಗಿರಬೇಕು, ಸೀಟುಗಳೂ ಸೀಮಿತ. ಮೈಸೂರಿಗಾಗಲಿ ಮಂಗಳೂರಿಗಾಗಲಿ ಅರ್ಜಿ ಹಾಕುವ ಮುನ್ನ ಅಲ್ಲಿನ ಎನ್‌ಸಿಸಿ ಅಧಿಕಾರಿಗೆ ಫೋನ್ ಮಾಡಿ ಮೂರು ಮಾತು ಕೇಳಿ: ನಿಮ್ಮಲ್ಲಿರುವುದು ಏರ್ ವಿಂಗ್ ಹೌದೇ, ಹುಡುಗಿಯರಿಗೆ ಎಷ್ಟು ಸೀಟು, ಕಳೆದ ವರ್ಷ ನಿಮ್ಮ ಕೆಡೆಟ್‌ಗಳಲ್ಲಿ ಎಷ್ಟು ಮಂದಿ ನಿಜವಾಗಿ ಹಾರಿದರು. ಮೂರನೆಯದಕ್ಕೆ ಅವರು ತಡವರಿಸಿದರೆ ಇನ್ನೊಂದು ಕಾಲೇಜಿಗೆ ಫೋನ್ ಮಾಡಿ. ಆಯ್ಕೆ ಸಾಮಾನ್ಯವಾಗಿ ತರಗತಿಗಳು ಶುರುವಾದ ಹೊಸದರಲ್ಲೇ ನಡೆಯುತ್ತದೆ, ಓಟ ಇದ್ದೇ ಇರುತ್ತದೆ. ಪಿಯುಸಿ ಪರೀಕ್ಷೆ ಮುಗಿದ ಮರುದಿನದಿಂದಲೇ ಮಗಳು ಬೆಳಿಗ್ಗೆ ಎದ್ದು ಓಡಲು ಶುರುಮಾಡಲಿ.