ರ‍್ಯಾಮ್ ಕೂತಿತು, ಸರ್ವರ್ ಏಳಲಿಲ್ಲ

ಜುಲೈ ತಿಂಗಳು. ಉಡುಪಿಯ ಕಲ್ಸಂಕದ ಹತ್ತಿರ ಗೆಳೆಯರೊಬ್ಬರ ಆಡಿಟರ್ ಕಚೇರಿ. ಹೊರಗೆ ಜಡಿಮಳೆ, ಒಳಗೆ ರಿಟರ್ನ್ಸ್ ಗಡಿಬಿಡಿ. ಹನ್ನೆರಡು ಜನ ಒಂದೇ ಸರ್ವರಿಗೆ ಲಾಗಿನ್ ಆಗಿ ಲೆಕ್ಕ ಬರೆಯುತ್ತಾರೆ. ಮಧ್ಯಾಹ್ನವಾದರೆ ಸಾಕು, ಮೌಸ್ ಒತ್ತಿ ಚಹಾ ಕುಡಿದು ಬರಬಹುದು, ಅಷ್ಟು ನಿಧಾನ. ಇದ್ದದ್ದು 32 ಜಿಬಿ ರ‍್ಯಾಮ್. ಕೆಲಸದ ಹೊತ್ತಿನಲ್ಲಿ ಮಾಹಿತಿ ಇಟ್ಟುಕೊಳ್ಳುವ ಮೆಮೊರಿ ಅದು. ಇನ್ನೆರಡು 16 ಜಿಬಿ ಪಟ್ಟಿ ಹಾಕಿದರೆ 64 ಆಗುತ್ತದೆ, ಸರಿಯಾಗುತ್ತದೆ ಎಂದು ನಾನೇ ಹೇಳಿದ್ದೆ.

ಪಟ್ಟಿಗಳು ಬಂದವು. ಒತ್ತಿದಾಗ ಟಕ್ ಎಂದು ಕೂತವು. ಸ್ವಿಚ್ ಹಾಕಿದರೆ ಫ್ಯಾನುಗಳು ಹೋ ಎಂದು ಕೂಗಿದವು, ಮುಂದಿನ ದೀಪ ಕೇಸರಿಗೆ ತಿರುಗಿತು, ಪರದೆ ಮಾತ್ರ ಕಪ್ಪು.

“ಎಂತ ಮಾರಾಯ್ರೆ, ಸರೀ ಕೂತಿದೆಯಲ್ಲ, ಮತ್ತೆ ಎಂತಕ್ಕೆ ಆನ್ ಆಗುದಿಲ್ಲ?”

ಮೊದಲು ಕಾದೆವು. ಹೊಸ ರ‍್ಯಾಮ್ ಕಂಡ ಸರ್ವರ್ ಒಂದೊಂದು ತಂತಿಯ ಸಮಯವನ್ನೂ ಹೊಂದಿಸಿಕೊಳ್ಳುತ್ತದೆ. ಅದಕ್ಕೆ ಕೆಲವು ನಿಮಿಷ ಬೇಕು. ಆ ಹೊತ್ತಿನಲ್ಲಿ ಗಾಬರಿಯಾಗಿ ಸ್ವಿಚ್ ತೆಗೆಯುವವರೇ ಜಾಸ್ತಿ. ನಾವು ಕಾಲು ಗಂಟೆ ಕಾದರೂ ಪರದೆ ಬೆಳಗಲಿಲ್ಲ.

ರ‍್ಯಾಮ್ ಪಟ್ಟಿಯ ಕೆಳ ಅಂಚಿನಲ್ಲಿ ಒಂದು ಕಚ್ಚು ಇರುತ್ತದೆ. ಡಿಡಿಆರ್3, 4, 5 ಎಂದರೆ ಈ ಪಟ್ಟಿಗಳ ತಲೆಮಾರುಗಳು. ಡಿಡಿಆರ್3ಕ್ಕೆ 240 ಪಿನ್, ಡಿಡಿಆರ್4ಕ್ಕೆ 288. ಡಿಡಿಆರ್5ಕ್ಕೂ 288, ಆದರೆ ಕಚ್ಚು ಇರುವ ಜಾಗ ಬೇರೆ. ಹಾಗಾಗಿ ಒಂದು ತಲೆಮಾರಿನ ಪಟ್ಟಿ ಇನ್ನೊಂದರ ಸ್ಲಾಟಿನಲ್ಲಿ ಕೂರುವುದೇ ಇಲ್ಲ. ಕಚ್ಚಿನ ಕೆಲಸ ಅಷ್ಟೇ. ಉಳಿದದ್ದೆಲ್ಲ ಲೇಬಲ್ಲಿನಲ್ಲಿದೆ, ಅದನ್ನು ನಾವು ಓದಿರಲಿಲ್ಲ.

ಹಳೆಯ ಪಟ್ಟಿಯ ಮೇಲೆ ‘ಪಿಸಿ4-2400ಟಿ-ಆರ್’ ಎಂದಿತ್ತು. ಹೊಸದರ ಮೇಲೆ ‘ಪಿಸಿ4-2400ಟಿ-ಇ’. ಪಿಸಿ4 ಅಂದರೆ ಡಿಡಿಆರ್4, 2400 ಅದರ ವೇಗ. ಅಂಗಡಿಯವರು “ಇದು ಇಸಿಸಿ, ಸರ್ವರ್ ರ‍್ಯಾಮೇ” ಅಂದಿದ್ದರು. ಸುಳ್ಳೇನಲ್ಲ. ಇಸಿಸಿ ಎಂದರೆ ತಪ್ಪು ತಿದ್ದುವ ರ‍್ಯಾಮ್. 64 ಬಿಟ್ ಮಾಹಿತಿಯ ಜೊತೆ 8 ಬಿಟ್ ಜಾಸ್ತಿ ಇಟ್ಟು, ಒಂದು ಬಿಟ್ ಕೆಟ್ಟರೆ ತಾನೇ ಸರಿಮಾಡುತ್ತದೆ, ಎರಡು ಕೆಟ್ಟರೆ ಕೂಗಿ ಹೇಳುತ್ತದೆ. ಇದರ ಮೂಲ ಲೆಕ್ಕ ರಿಚರ್ಡ್ ಹ್ಯಾಮಿಂಗ್ 1950ರಲ್ಲಿ ಪ್ರಕಟಿಸಿದ್ದು. ನಮ್ಮ ಹೊಸ ಪಟ್ಟಿಯ ಒಂದೊಂದು ಬದಿಯಲ್ಲಿ ಎಂಟು ಚಿಪ್ ಇರುವಲ್ಲಿ ಒಂಬತ್ತು ಇದ್ದದ್ದು ಆ 8 ಬಿಟ್‌ಗಾಗಿಯೇ.

ಆದರೆ ಹಳೆಯ ಪಟ್ಟಿಯ ನಡುವೆ ಇನ್ನೊಂದು ಚಿಪ್ ಇತ್ತು. ಅದೇ ರಿಜಿಸ್ಟರ್. ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್ ಬಸ್ಸಿನ ಕಂಡಕ್ಟರ್ ಇದ್ದ ಹಾಗೆ. ಡ್ರೈವರ್ ಹಿಂದೆ ತಿರುಗಿ ಒಬ್ಬೊಬ್ಬರಿಗೆ ಹೇಳುತ್ತಾ ಕೂರುತ್ತಾನಾ? ಪ್ರೊಸೆಸರ್ ಕೂಡ ಆದೇಶವನ್ನೂ ವಿಳಾಸವನ್ನೂ ರಿಜಿಸ್ಟರಿಗೆ ಕೊಡುತ್ತದೆ. ಅದು ಗಡಿಯಾರದ ಒಂದು ಮಿಡಿತ ತಡಮಾಡಿ, ಪಟ್ಟಿಯ ಎಲ್ಲ ಚಿಪ್ಪಿಗೂ ಗಟ್ಟಿಯಾಗಿ ದಾಟಿಸುತ್ತದೆ. ನಮ್ಮ ಹಳೆಯ ಪಟ್ಟಿಯೊಂದರಲ್ಲೇ 36 ಮೆಮೊರಿ ಚಿಪ್ ಇದ್ದವು. ಅಷ್ಟನ್ನೂ ಪ್ರೊಸೆಸರ್ ನೇರವಾಗಿ ಹೊತ್ತರೆ ಸಿಗ್ನಲ್ ಸೊರಗುತ್ತದೆ. ‘ಆರ್’ ಅಂದರೆ ಕಂಡಕ್ಟರ್ ಇರುವ ಪಟ್ಟಿ, ‘ಇ’ ಅಂದರೆ ಇಸಿಸಿ ಇದ್ದೂ ಕಂಡಕ್ಟರ್ ಇಲ್ಲದ್ದು. ಎರಡೂ ಒಂದೇ ಸ್ಲಾಟಿನಲ್ಲಿ ಕೂರುತ್ತವೆ, ಒಟ್ಟಿಗೆ ಓಡುವುದಿಲ್ಲ.

ಸರ್ವರಿಗೆ ಇದು ಗೊತ್ತಾಗುವುದು ಹೇಗೆ? ಪ್ರತಿ ಪಟ್ಟಿಯಲ್ಲೂ ಅದರ ಜಾತಕ ಬರೆದಿಟ್ಟ ಪುಟ್ಟ ಚಿಪ್ ಇದೆ. ಡಿಡಿಆರ್4ರಲ್ಲಿ 512 ಬೈಟ್. ಸ್ವಿಚ್ ಹಾಕಿದ ಕೂಡಲೇ ಸರ್ವರ್ ಅದನ್ನು ಓದುತ್ತದೆ, ಕೂಡಿಬರದಿದ್ದರೆ ಕೇಸರಿ ದೀಪ. ವೇಗ ಮಾತ್ರ ಬೇರೆಯಾದರೆ ಇಷ್ಟು ಹಟ ಇಲ್ಲ. 2133ರ ಜೊತೆ 2400 ಹಾಕಿದರೆ ಸಾಮಾನ್ಯವಾಗಿ ಎರಡೂ 2133ರಲ್ಲಿ ನಡೆಯುತ್ತವೆ.

‘ಆರ್’ ಪಟ್ಟಿಗಳನ್ನು ಸೆಕೆಂಡ್ ಹ್ಯಾಂಡಿನಲ್ಲಿ ತರಿಸಿದೆವು. ಈ ಸಲ ಸರ್ವರ್ ಎದ್ದಿತು. ತೋರಿಸಿದ್ದು ಮಾತ್ರ ಮತ್ತೆ 32!

ಇದು ನನ್ನದೇ ಪೆದ್ದುತನ. ಆ ಬೋರ್ಡಿನಲ್ಲಿ ಎರಡು ಪ್ರೊಸೆಸರಿಗೆ ಜಾಗ ಇದೆ, ಇದ್ದದ್ದು ಒಂದೇ. ಮೆಮೊರಿ ನೋಡಿಕೊಳ್ಳುವ ಭಾಗ ಇರುವುದು ಪ್ರೊಸೆಸರಿನ ಒಳಗೇ. ಹಾಗಾಗಿ ಬಾರದ ಪ್ರೊಸೆಸರಿನ ಪಕ್ಕದ ಸ್ಲಾಟುಗಳಿಗೆ ಜೀವವೇ ಇಲ್ಲ. ಈ ಸಲ ನಾನು ಸಲೀಸಾಗಿ ಕೈಗೆ ಸಿಕ್ಕಿತೆಂದು ಅಲ್ಲೇ ಚುಚ್ಚಿದ್ದೆ. ಮುಚ್ಚಳ ತಿರುಗಿಸಿದರೆ ಒಳಬದಿಯಲ್ಲಿ ಯಾವ ಸ್ಲಾಟ್ ಮೊದಲು ತುಂಬಬೇಕೆಂದು ಚಿತ್ರವೇ ಅಂಟಿಸಿತ್ತು.

ಜಾಗ ಬದಲಿಸಿದೆ. 48 ಬಂತು. ಒಂದು ಪಟ್ಟಿ ಕಾಣೆ. ಇಂಥ ಹೊತ್ತಿನಲ್ಲಿ ಸುಮ್ನೆ ಎಲ್ಲ ಕಿತ್ತು ಹಾಕಬಾರದು. ಕಾಣೆಯಾದ ಪಟ್ಟಿಯನ್ನು ಸರಿಯಿರುವ ಸ್ಲಾಟಿಗೆ ಹಾಕಿ ನೋಡಬೇಕು. ದೋಷ ಪಟ್ಟಿಯ ಜೊತೆ ಹೋದರೆ ಪಟ್ಟಿಯದ್ದು, ಅಲ್ಲೇ ಉಳಿದರೆ ಸ್ಲಾಟಿನದ್ದು. ನಮ್ಮದು ಪಟ್ಟಿಯ ಜೊತೆಗೇ ಹೋಯಿತು. ಬೆಳಕಿಗೆ ಹಿಡಿದರೆ ಚಿನ್ನದ ಪಿನ್ನುಗಳ ಒಂದು ತುದಿ ಮಂಕಾಗಿತ್ತು. ಕರಾವಳಿಯ ಉಪ್ಪು ಗಾಳಿ, ಮಳೆಗಾಲದ ತೇವ ಗೊತ್ತಲ್ಲ. ಗೆಳೆಯರು ಪೆನ್ಸಿಲ್ ರಬ್ಬರ್ ತಂದರು. ಬೇಡ ಅಂದೆ. ಆ ಚಿನ್ನದ ಲೇಪ ಒಂದು ಮೈಕ್ರಾನಿಗಿಂತ ತೆಳು, ಉಜ್ಜಿದರೆ ಅದೇ ಹೋದೀತು. ನೂಲು ಬಿಡದ ಬಟ್ಟೆಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ, ಒಣಗಿಸಿ, ಮತ್ತೆ ಕೂರಿಸಿದೆ. 64.

ಮೊದಲು ತಂದ ಆ ‘ಇ’ ಪಟ್ಟಿಗಳನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. ಈಗ ಅವು ನನ್ನ ಮನೆಯ ಕಂಪ್ಯೂಟರಿನಲ್ಲಿವೆ. ಅದಕ್ಕೆ ತಪ್ಪು ತಿದ್ದುವ ವಿದ್ಯೆ ಬಾರದು. ಒಂಬತ್ತನೇ ಚಿಪ್ ಕೆಲಸವಿಲ್ಲದೆ ಸುಮ್ನೆ ಕೂತಿದೆ.